ಸೂಟಿ ಯಾರದು, ಸೌಟು ಯಾರದು?

ಹೋದ ವರ್ಷ ಫೆಬ್ರವರಿಯೊಳಗ ನಮ್ಮ ಮನಿಮಂದಿ ಗ್ರೂಪಿನ್ಯಾಗ ನನ್ನ ಮಗಾ ಒಂದು ಫೋಟೋ ಹಾಕಿದ್ದಾ. ನೆನಪದನೋ ಇಲ್ಲೋ ನೋಡ್ರಿ. ಹಿಂದ ಬೆಳ್ಳನ್ನ ಹಿಮದ ಗುಡ್ಡ, ನಡುವ ಕಪ್ಪನ್ನ ಗಿಡಗೋಳು, ಮುಂದ ಒಂದು ಸಾಲು ಮಂದಿ. ಎಲ್ಲಾರ ತಲಿ ಮ್ಯಾಲೆ ಹೆಲ್ಮೆಟ್, ಕಾಲಿಗೆ ಉದ್ದನ್ನ ಹಲಗಿ, ಕಣ್ಣಿಗೆ ಅರ್ಧ ಮಾರಿ ಮುಚ್ಚೋ ಅಂಥಾ ಕನ್ನಡಕ. ಕೆಳಗ "ಇಡೀ ಮನಿಯೇ ಗುಡ್ಡದ ಮ್ಯಾಲೆ" ಅಂತ ಬರದಿದ್ದಾ. ನೀವೆಲ್ಲಾ ಹಾರ್ಟ್ ಒತ್ತಿದ್ದೇ ಒತ್ತಿದ್ದು. ಹುಬ್ಬಳ್ಳಿ ಕಾಕು "ದೃಷ್ಟಿ ತಗೀರಿ" ಅಂದ್ರು. ಎದುರುಮನಿ ಅಕ್ಕಾ "ನಿಮ್ಮನಿಯವರು ಹೀರೋ ಕಂಡಂಗ ಕಾಣ್ತಾರ್ರಿ" ಅಂದ್ರು. ನಾನೂ ಒಂದು ಹಾರ್ಟ್ ಒತ್ತಿದೆ.

ಈಗ ಆ ಫೋಟೋ ಇನ್ನೊಮ್ಮೆ ತಗದು ತಲಿ ಎಣಸ್ರಿ. ಎಂಟ ಆಗ್ತಾವ. ನಾವು ಹೋದವರು ಒಂಬತ್ತು ಮಂದಿ. ಒಂಬತ್ತನೇದಾಕಿ ನಾನು. ನಾ ಆಗ ಅಲ್ಲಿಂದ ಹದಿನೆಂಟು ಮೈಲು ಕೆಳಗ, ಒಂದು ಕಟಗಿ ಮನಿಯೊಳಗ, ತೊಗರಿಬ್ಯಾಳಿ ಕುಕ್ಕರಿನ ಸೀಟಿ ಎಣಸ್ಕೋತ ನಿಂತಿದ್ದೆ.

ಗ್ರೂಪಿನ್ಯಾಗ ಇಷ್ಟು ಮಂದಿ ಇದ್ದೀವಿ, "ನೀವೆಲ್ಲಿದ್ದೀರಿ?" ಅಂತ ಒಬ್ಬರೂ ಕೇಳಲಿಲ್ಲ. ಆಮ್ಯಾಲೆ ನಾನ ತಡೀಲಾರದ ನಮ್ಮ ದೊಡ್ಡ ವೈನಿಗೆ ಫೋನ್ ಮಾಡಿ ಕೇಳಿದೆ. "ಅಯ್ಯ, ಫೋಟೋ ತಗದಾಕಿನ ನೀ ಅಂತ ಮಾಡಿದ್ದೆವಾ" ಅಂದ್ರು. ಫೋಟೋ ತಗದಾಂವ ಯಾರೋ ಹಾದಿ ಹಿಡದು ಹೊಂಟ ಹುಡುಗ. ಅವನಿಗೆ ಇದ್ದಷ್ಟು ಜಾಗಾನೂ ಆ ಫೋಟೋದ ಸುತ್ತ ನನಗಿರಲಿಲ್ಲ.

ಸಿಟ್ಟಿಲ್ಲ ಅಂತ ಬರೀಬೇಕಂತ ಮಾಡಿದ್ದೆ. ಬರಿಯೋದಿಲ್ಲ. ಸಿಟ್ಟದ. ಅದಕ್ಕ ಈ ಸಲ ಉಪ್ಪಿನಕಾಯಿ ಇಲ್ಲ, ಚಟ್ನಿಪುಡಿ ಇಲ್ಲ, ಜಗಳ ಅದ. ಕುತ್ಗೊಂಡು ಓದ್ರಿ.

ಮೊದಲ ಜಾಗಾದ ಸುದ್ದಿ ಹೇಳ್ತೀನಿ, ಯಾಕಂದ್ರ ಜಾಗಾದ್ದು ತಪ್ಪಿಲ್ಲ. ಅಮೆರಿಕಾದ ಕೊಲರಾಡೋ ರಾಜ್ಯದ ದಕ್ಷಿಣಕ್ಕ ಸಾನ್ ವಾನ್ ಅಂತ ಪರ್ವತ ಸಾಲದ. ಅಲ್ಲೆ ವುಲ್ಫ್ ಕ್ರೀಕ್ ಅಂತ ಒಂದು ಸ್ಕೀ ಜಾಗಾ. ನನ್ನ ಮಗಾ ಇರೋದು ಡೆನ್ವರಿನ್ಯಾಗ, ಅಲ್ಲಿಂದ ಕಾರಿನ್ಯಾಗ ನಾಕೂವರಿ, ಐದು ತಾಸಿನ ಹಾದಿ. ಡೆನ್ವರಿನ ಮಂದಿ ಸಾಮಾನ್ಯ ವೇಲ್, ಬ್ರೆಕೆನ್‌ರಿಜ್ ಅಂಥಾ ಹೆಸರಾದ ಜಾಗಾಕ್ಕ ಹೋಗ್ತಾರ. ಶನಿವಾರ ಆ ಹಾದಿ ನೋಡಬೇಕು, ನಮ್ಮ ಯಲ್ಲಮ್ಮನ ಗುಡ್ಡದ ಜಾತ್ರಿ ದಿನದ ಹಾದಿ ಇದ್ಧಂಗ, ಗಾಡಿ ಹಿಂದ ಗಾಡಿ. ವುಲ್ಫ್ ಕ್ರೀಕಿಗೆ ಅಷ್ಟು ದೂರ ಯಾರೂ ಬರಂಗಿಲ್ಲ. ಕೊಲರಾಡೋದಾಗ ಎಲ್ಲಾಕಿಂತ ಹೆಚ್ಚು ಹಿಮ ಬೀಳೋ ಸ್ಕೀ ಜಾಗಾ ಅಂತ ಅದರ ಹೆಸರು. ವರ್ಷಕ್ಕ ಸರಾಸರಿ 400 ಇಂಚಿನ ಆಸುಪಾಸು, ಅಂದ್ರ ಹತ್ತು ಮೀಟರ್. ಮೂರು ಅಂತಸ್ತಿನ ಮನಿ ಮುಳಗ್ತದ. ಲಿಫ್ಟ್ ಶುರು ಆಗೋ ಬುಡಾನ 10,300 ಅಡಿ, ತುದಿ 11,900 ಅಡಿ.

ಅದು ಅಮೆರಿಕಾ ಖಂಡದ ನೀರು ಹರಿದು ಎರಡಾಗೋ ಏಣಿನ ಮ್ಯಾಲೆ ಅದ. ಈ ಕಡೆ ಬಿದ್ದ ಹಿಮ ಕರಗಿ ರಿಯೋ ಗ್ರಾಂಡೆ ನದಿ ಸೇರಿ ಪೂರ್ವದ ಕಡೆ ಹೋಗ್ತದ, ಆ ಕಡೀದು ಸಾನ್ ವಾನ್ ನದಿ ಹಿಡದು ಪಶ್ಚಿಮಕ್ಕ. ನಮ್ಮ ಧಾರವಾಡದವರಿಗೆ ಇದು ಹೊಸಾದಲ್ಲ. ಸೋಮೇಶ್ವರ ಗುಡಿ ಹತ್ರ ಹುಟ್ಟಿದ ಶಾಲ್ಮಲಾ ಪಶ್ಚಿಮ ಸಮುದ್ರದ ಹಾದಿ ಹಿಡೀತಾಳ, ಬೆಣ್ಣಿಹಳ್ಳ ಮಲಪ್ರಭಾ ಸೇರಿ ಪೂರ್ವಕ್ಕ ಹೋಗ್ತದ. ಮಗಾ ಈ ಏಣಿನ ಸುದ್ದಿ ಹೇಳಿದಾಗ ಆ ಜಾಗಾ ನೋಡಬೇಕು ಅಂತ ನನಗ ಖರೇನ ಆಸೆ ಆಗಿತ್ತು. ಇದನ್ನ ನೆನಪಿಟ್ಟುಕೋರಿ.

ಮಗಾ ಊಟಕ್ಕ ಕೂತಾಗ ಹೇಳಿದಾ: "ಅಮ್ಮಾ, ಗದ್ದಲಾನ ಇರಂಗಿಲ್ಲ ನೋಡು. ಗುಡ್ಡದ ಬುಡಕ್ಕ ಒಂದೂ ಹೊಟೇಲಿಲ್ಲ, ಸಂತಿ ಪ್ಯಾಟಿ ಏನಿಲ್ಲ. ಕೆಳಗ ಸೌತ್ ಫೋರ್ಕ್ ಅಂತ ಸಣ್ಣ ಊರದ, ಅಲ್ಲೆ ನದಿ ಬಾಜೂಕ ಕಟಗಿ ಮನಿ ಬಾಡಗಿ ಹಿಡದೀನಿ. ಪೂರಾ ಅಡಗಿಮನಿ ಅದ." ಎಲ್ಲಾರೂ "ವಾ" ಅಂದ್ರು. ನಾ ಅಂದೆ, "ಹಂಗಾರ ಊಟಾ?" ಎಲ್ಲಾರೂ ಒಂದು ಕ್ಷಣ ಸುಮ್ಮನಾದ್ರು. ಆಮ್ಯಾಲೆ ಎಲ್ಲಾರ ಕಣ್ಣು ನನ್ನ ಕಡೆ ಹೊಳ್ಳಿದ್ವು.

ಅಕ್ಕಗೋಳ್ರ್ಯಾ, ಇದು ನನ್ನ ಮೊದಲನೇ ಮಾತು. ಗದ್ದಲ ಇಲ್ಲದ ಜಾಗಾ ಅಂದ್ರ ಹೊಟೇಲ್ ಇಲ್ಲದ ಜಾಗಾ. ಹೊಟೇಲ್ ಇಲ್ಲದ ಜಾಗಾ ಅಂದ್ರ ಮನಿಯಾಕಿ ಬೇಯಿಸಿ ಹಾಕೋ ಜಾಗಾ. ಎಂಟು ಮಂದಿಗೆ ಸಿಗೋ ಶಾಂತಿ ಪುಕ್ಕಟ್ ಬರಂಗಿಲ್ಲ. ಅದರ ಬಾಡಗಿ ಒಬ್ಬಾಕಿ ಕಟ್ತಾಳ, ಒಲಿ ಮುಂದ ನಿಂತು.

ಲೆಕ್ಕ ಹೇಳ್ತೀನಿ ಕೇಳ್ರಿ. ನಾವು ಇಬ್ಬರು, ಮಗಾ, ಸೊಸಿ, ಒಂಬತ್ತು ವರ್ಷದ ಮೊಮ್ಮಗಳು, ಮಗನ ಗೆಳೆಯಾ, ಅವನ ಹೆಂಡತಿ, ಅವರ ಎರಡು ಗಂಡು ಹುಡುಗ್ರು. ಐದು ದಿನದ ಸೂಟಿ. ದಿನಕ್ಕ ಮೂರು ಸಲ ತಿನ್ನೋದು. ಒಂಬತ್ತು ತಾಟು, ಮೂರು ಹೊತ್ತು, ಐದು ದಿನ: 135 ತಾಟು ಆದ್ವು. ಚಹಾ ಇದರಾಗ ಹಿಡದಿಲ್ಲ. ಹಿಮದಾಗ ಆಡಿ ಬಂದ ಮಂದಿ ನಾಕು ಗಂಟೆಕ್ಕ ಬಜಿ ಕೇಳಿದ್ದೂ ಹಿಡದಿಲ್ಲ. ಗುಡ್ಡದ ಮ್ಯಾಲೆ ತಿನ್ನಲಿಕ್ಕ ಸಿಗ್ತದ, ಆದ್ರ ನಮ್ಮ ಶಾಖಾಹಾರಿ ಮಂದಿ ಆಲೂಗಡ್ಡಿ ಫ್ರೈ ಎಷ್ಟ ದಿನ ತಿಂದಾರು? ಅದಕ್ಕ ದಿನಾ ಮುಂಜಾನೆ ಚಪಾತಿ, ಪಲ್ಯಾ ಸುತ್ತಿ, ಹಾಳಿಯೊಳಗ ಕಟ್ಟಿ ಕೊಡೋದು. ನಾ ಐದು ಗಂಟೆಕ್ಕ ಎದ್ರ ಅವರು ಎಂಟಕ್ಕ ಹೊರಬೀಳ್ತಿದ್ರು. ಆಮ್ಯಾಲೆ ಭಾಂಡಿ. ಆಮ್ಯಾಲೆ ನಿನ್ನಿನ ತೊಯ್ದ ಗ್ಲೋವ್ಸ್, ಸಾಕ್ಸ್, ಹೀಟರ್ ಮುಂದ ಹರವೋದು. ಹದಿನೆಂಟು ಸಾಕ್ಸ್, ಜೋಡಿ ಕೂಡಸೋದ ಒಂದು ತಾಸಿನ ಕೆಲಸ.

ಮ್ಯಾಲೆ ಎತ್ತರದ ಕಾಟ ಬ್ಯಾರೆ. ಸೌತ್ ಫೋರ್ಕ್ ಇರೋದು ಸುಮಾರು 8,200 ಅಡಿ ಮ್ಯಾಲೆ. ಎತ್ತರ ಹೋದಂಗ ಗಾಳಿ ಒತ್ತಡ ಕಡಿಮಿ ಆಗ್ತದ, ಅದಕ್ಕ ನೀರು ಲಗೂನ ಕುದೀತದ. ನಮ್ಮ ಕಡೆ ಹೆಚ್ಚುಕಮ್ಮಿ 98 ಡಿಗ್ರಿಗೆ ಕುದಿಯೋ ನೀರು ಅಲ್ಲೆ 92ರ ಸುತ್ತಮುತ್ತ ಕುದೀತದ. ಕಣ್ಣಿಗೆ ಕುದಿ ಕಾಣ್ತದ, ಆದ್ರ ಶಾಖ ಇರಂಗಿಲ್ಲ. ತೆರದ ಭಾಂಡ್ಯಾಗ ಅಕ್ಕಿ ಹಾಕಿದ್ರ ಮ್ಯಾಲೆ ಮುದ್ದಿ ಒಳಗ ನುಚ್ಚು. ಬ್ಯಾಳಿ ಅಂತೂ ಸೌದಿ ತಂದಿಟ್ರೂ ಕರಗಂಗಿಲ್ಲ. ಕುಕ್ಕರ್ ಒಂದ ಗತಿ, ಅದು ಒತ್ತಡ ತಾನ ಹುಟ್ಟಸ್ಕೋತದಲ್ಲಾ. ಪುಣ್ಯಾಕ್ಕ ನಾ ಧಾರವಾಡದಿಂದನ ಐದು ಲೀಟರಿನ ಕುಕ್ಕರ್ ಒಯ್ದಿದ್ದೆ. ದೋಸಿ ಹಿಟ್ಟು ಎರಡು ದಿನಾ ಇಟ್ರೂ ಉಬ್ಬಲಿಲ್ಲ, ಆ ಥಂಡಿಗೆ ಅದೂ ಹೊದ್ದುಕೊಂಡು ಮಲಗಿಬಿಟ್ಟಿತ್ತು.

ಕಿಡಕಿಯಿಂದ ಭಾಳ ಛಂದ ಕಾಣ್ತಿತ್ತು, ಸುಳ್ಳ ಹೇಳಂಗಿಲ್ಲ. ನದಿ ಮ್ಯಾಲೆ ಹಿಮದ ಹೊದಿಕಿ, ಒಂದು ದಿನಾ ಮುಂಜಾನೆ ಜಿಂಕಿ ಹಿಂಡು ಬಂದು ನಿಂತಿತ್ತು. ಸಪ್ಪಳಾನ ಇಲ್ಲ. ಆದ್ರ ಕಿಡಕಿಯಿಂದ ನೋಡಬೇಕಂದ್ರ ನಾ ವಿಮಾನದಾಗ ಇಪ್ಪತ್ತೆರಡು ತಾಸು ಕೂಡೋ ಗರಜ ಇರಲಿಲ್ಲ. ಆ ಏಣು ಹದಿನೆಂಟು ಮೈಲು ದೂರ ಇತ್ತು, ಮೂರು ದಿನಾ ಆದ್ರೂ ನಾ ಅದನ್ನ ಕಂಡಿರಲಿಲ್ಲ.

ಈಗ ನಿಮ್ಮ ಬಾಯಾಗ ಬಂದ ಮಾತು ನನಗ ಗೊತ್ತದ. "ನಿನಗ ಯಾರು ಮಾಡು ಅಂದಿದ್ರು? ನೀನ ಮುಂದಾಗಿ ಮಾಡ್ತಿ, ಆಮ್ಯಾಲೆ ಅಳ್ತಿ." ಖರೇ. ಯಾರೂ ಮಾಡು ಅನ್ನಲಿಲ್ಲ. ಸೊಸಿ ಪಾಪ ಎರಡು ಸಲ ಅಂದ್ಲು, "ಅತ್ಯಾ, ನೀವೂ ಬರ್ರಿ, ಬ್ರೆಡ್ ತಿಂದ್ರಾತು." ನಾನ ಅಂದೆ, "ಹುಡುಗ್ರಿಗೆ ಬ್ರೆಡ್ ಎಲ್ಲೆ ಸಾಲ್ತದ, ನೀವು ಹೋಗಿ ಬರ್ರಿ." ಈ ಮಾತು ನಾವು ಎಷ್ಟು ಛಲೋ ಕಲ್ತೀವಿ ನೋಡ್ರಿ. ನೀವು ಹೋಗಿ ಬರ್ರಿ. ನೀವು ನೋಡಿ ಬರ್ರಿ. ನಾ ಇಲ್ಲೇ ಇರ್ತೀನಿ.

ಯಾಕ ಹಂಗಂದೆ ಅಂತ ಆ ಮೂರು ದಿನಾ ಭಾಂಡಿ ತೊಳಕೋತ ವಿಚಾರ ಮಾಡಿದೆ. ಪರದೇಶದಾಗ ನನಗ ಏನೂ ಬರಂಗಿಲ್ಲ. ಕಾರ್ ಬಿಡಲಿಕ್ಕ ಬರಂಗಿಲ್ಲ, ಅವರ ಇಂಗ್ಲಿಷ್ ತಿಳಿಯಂಗಿಲ್ಲ, ಟಿವಿ ಹಚ್ಚಲಿಕ್ಕೂ ಮೊಮ್ಮಗಳು ಬೇಕು. ಅಡಗಿಮನಿಯೊಳಗ ಮಾತ್ರ ನಾ ಹೇಳಿದ್ದು ನಡೀತದ. ಸೌಟು ಕೈಯಾಗಿದ್ರ ನನಗೂ ಒಂದು ಜಾಗಾ ಅದ ಅನಸ್ತದ. ಅದನ್ನ ಬಿಟ್ರ ನಾ ಬರೇ ಒಂದು ಸೂಟ್‌ಕೇಸ್, ಎಲ್ಲೆ ಇಟ್ರ ಅಲ್ಲೆ. ಆ ಹೆದರಿಕಿಗೆ ನಾ ತ್ಯಾಗ ಅಂತ ಹೆಸರಿಟ್ಟಿದ್ದೆ. ನಿಮ್ಮೊಳಗ ಎಷ್ಟು ಮಂದಿ ಹಂಗ ಇಟ್ಟೀರಿ, ನಿಮ್ಮನ್ನ ನೀವ ಕೇಳ್ಕೋರಿ.

ನಮ್ಮ ಅತ್ತಿಯವರ ಸುದ್ದಿ ನಿಮಗ್ಯಾರಿಗೂ ಹೇಳಿಲ್ಲ. 1991ರಾಗ ನಾವೆಲ್ಲಾ ಗೋಕರ್ಣಕ್ಕ ಹೋಗಿದ್ವಿ, ಮಾವನವರು, ಅತ್ತಿಯವರು, ಮೈದುನಂದ್ರು, ಹುಡುಗ್ರು. ಸ್ಟೋವ್, ಅವಲಕ್ಕಿ ಡಬ್ಬಿ, ಅಕ್ಕಿ ಚೀಲ ಎಲ್ಲಾ ಹೊತ್ಕೊಂಡು. ಎಲ್ಲಾರೂ ಸಮುದ್ರಕ್ಕ ಇಳದ್ವಿ. ಅತ್ತಿಯವರು ದಂಡಿ ಮ್ಯಾಲೆ ಸಾಮಾನು ಕಾಯ್ಕೋತ ಕೂತ್ರು. "ನೀವು ಆಡಿ ಬರ್ರಿ." ಮರುದಿನಾ ವಾಪಸ್ ಬಂದ್ವಿ. ಅವರು ಹೋಗೋ ಮುಂದ, ಅಂದ್ರ ಕಡೀ ವರ್ಷ ಹಾಸಿಗಿ ಹಿಡದಾಗ, ಒಂದು ದಿನಾ ನನ್ನ ಕೇಳಿದ್ರು: "ಸಮುದ್ರದ ನೀರು ಥಣ್ಣಗ ಇರ್ತದೋ ಬೆಚ್ಚಗೋ?" ನಾ ನಕ್ಕುಬಿಟ್ಟೆ, ಹೋಗಿದ್ರಲ್ಲಾ ನೀವೂ ಅಂತ. ಆಮ್ಯಾಲೆ ನೆನಪಾತು, ಅವರ ಕಾಲಿಗೆ ನೀರು ಮುಟ್ಟೇ ಇರಲಿಲ್ಲ. ನಾವು ಹತ್ತು ಮಂದಿ ಇದ್ವಿ. ಹತ್ತು ನಿಮಿಷ ಸಾಮಾನು ಕಾಯಲಿಕ್ಕ ಒಬ್ಬರಿಗೂ ತಿಳಿಲಿಲ್ಲ. ಆ ಹತ್ತರಾಗ ನಾನೂ ಒಬ್ಬಾಕಿ.

ನನ್ನ ಸಿಟ್ಟು ನನ್ನ ಪೂರ್ತೆ ಇದ್ದಿದ್ರ ನುಂಗತಿದ್ದೆ. ಆದ್ರ ಮೂರನೇ ದಿನಾ ನೋಡ್ತೀನಿ, ಸೊಸಿ ಮಧ್ಯಾಹ್ನಕ್ಕ ವಾಪಸ್ ಬಂದ್ಲು. ಗೆಳೆಯನ ಹೆಂಡತಿನೂ ಬಂದ್ಲು. "ನೀವೊಬ್ಬರ ಮಾಡೋದು ಸರಿ ಅನಸಲಿಲ್ಲ ಅತ್ಯಾ." ಗಂಡಸರು, ಹುಡುಗ್ರು ಮ್ಯಾಲೇ ಇದ್ರು. ಸೊಸಿ ವರ್ಷಪೂರ್ತಿ ಆಫೀಸಿನ್ಯಾಗ ದುಡದು ಐದು ದಿನಾ ಸೂಟಿ ಹಾಕ್ಯಾಳ. ಅದರಾಗ ಅರ್ಧ ದಿನಾ ನನ್ನ ಸಲುವಾಗಿ ಉಳ್ಳಾಗಡ್ಡಿ ಹೆಚ್ಚಲಿಕ್ಕ ಬಂದ್ಲು. ಆವಾಗ ನನಗ ಬಡದಂಗಾತು. ನಾ ತ್ಯಾಗ ಅಂತ ಮಾಡ್ತಿದ್ದದ್ದು ಅಕಿಗೆ ಹೊರಿ ಆಗಿತ್ತು. ನಾ ಒಲಿ ಮುಂದ ನಿಂತ್ರ ಅಕಿ ಗುಡ್ಡದ ಮ್ಯಾಲೆ ಸಮಾಧಾನದಿಂದ ನಿಂದ್ರಲಿಕ್ಕ ಆಗಂಗಿಲ್ಲ. ನನ್ನ ಮಗಗ ಮಾತ್ರ ನಿಂದ್ರಲಿಕ್ಕ ಏನೂ ತ್ರಾಸ ಆಗಲಿಲ್ಲ. ಅವನ್ನ ಹಂಗ ಬೆಳಸಿದಾಕಿನೂ ನಾನ.

ಅವತ್ತ ರಾತ್ರಿ ಊಟಕ್ಕ ಕೂತಾಗ ಹೇಳಿದೆ: "ನಾಳೆ ನಾ ಬರ್ತೀನಿ. ಸ್ಕೀ ಕಲೀತೀನಿ."

ಮನಿಯವರ ತುತ್ತು ಅಲ್ಲೇ ನಿಂತ್ತು. "ಐವತ್ತೆಂಟು ವರ್ಷ, ಮಣಕಾಲು ಬ್ಯಾನಿ, ನಿನಗ್ಯಾಕ ಇದೆಲ್ಲಾ?" ಅವರಿಗೆ ಅರವತ್ತನಾಕು. ಅವರ ಮಣಕಾಲಿನ ಸುದ್ದಿ ಯಾರೂ ತಗದಿರಲಿಲ್ಲ.

ಹೆಣ್ಣಿನ ಮೈ ಅಂದ್ರ ಎಲ್ಲಾರೂ ಡಾಕ್ಟರ್ ಆಗ್ತಾರ. ಇದು ನಮ್ಮನಿ ಮಾತಷ್ಟ ಅಲ್ಲ. ಸ್ಕೀ ಜಂಪಿಂಗ್ ಅಂತ ಒಂದು ಆಟದ, ಎತ್ತರದ ಜಾರಿಯಿಂದ ಸ್ಕೀ ಮ್ಯಾಲೆ ಹಾರೋದು. ಚಳಿಗಾಲದ ಒಲಿಂಪಿಕ್ಸ್ ಶುರು ಆದ 1924ರಿಂದ ಗಂಡಸರಿಗೆ ಅದು ಅದ. ಹೆಂಗಸರಿಗೆ ಬಿಟ್ಟದ್ದು 2014ರಾಗ, ರಷ್ಯಾದ ಸೋಚಿಯೊಳಗ. ತೊಂಬತ್ತು ವರ್ಷ! ಹೆಂಗಸರ ಮೈಗೆ ಅದು ತಕ್ಕದ್ದಲ್ಲ ಅಂತ ಆ ಆಟದ ಅಂತರರಾಷ್ಟ್ರೀಯ ಸಂಸ್ಥಾದ ಅಧ್ಯಕ್ಷರ 2005ರಾಗೂ ಹೇಳಿದ್ರು. 2010ರ ವ್ಯಾಂಕೂವರ್ ಒಲಿಂಪಿಕ್ಸಿನ ಮೊದಲು ಆ ಹುಡುಗ್ಯಾರು ಕೆನಡಾದ ಕೋರ್ಟಿಗೆ ಹೋದ್ರು. ಇದು ಭೇದ ಮಾಡಿಧಂಗ ಅಂತ ಕೋರ್ಟ್ ಒಪ್ಪಿಕೊಂಡ್ತು, ಆದ್ರೂ ಕೇಸ್ ಸೋತ್ರು. ಮಜಾ ಅಂದ್ರ, ಅದೇ ಒಲಿಂಪಿಕ್ಸಿಗೆ ಕಟ್ಟಿದ ಜಾರಿ ಮ್ಯಾಲೆ ಆವಾಗ ದಾಖಲೆ ಜಿಗದಾಕಿ ಲಿಂಡ್ಸೆ ವ್ಯಾನ್ ಅನ್ನೋ ಅಮೆರಿಕಾದ ಹುಡುಗಿ.

ನಮ್ಮ ದೇಶದ್ದು ನೋಡ್ರಿ. ಸ್ಕೀಯಿಂಗಿನ್ಯಾಗ ಭಾರತಕ್ಕ ಮೊದಲನೇ ಅಂತರರಾಷ್ಟ್ರೀಯ ಪದಕಾ ತಂದಾಕಿ ಮನಾಲಿ ಕಡೆ ಹುಡುಗಿ ಆಂಚಲ್ ಠಾಕೂರ್, 2018ರಾಗ, ಟರ್ಕಿ ದೇಶದಾಗ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ, ಹಿಮಾನ ಬೀಳದ ನಾಡಿನಾಕಿ, ಸ್ಕೀ ಮ್ಯಾಲೆ ಓಡಿ ಜಾಗತಿಕ ಸ್ಪರ್ಧಾದಾಗ ಭಾರತದ ಹೆಸರಿಲೆ ನಿಂತಾಳ. ಇವರಿಗೂ ನನಗೂ ಏನೂ ಹೋಲಿಕಿ ಇಲ್ಲ, ಗೊತ್ತದ. ಆದ್ರ ಇವರಿಗೂ "ನಿನಗ್ಯಾಕ ಇದೆಲ್ಲಾ" ಅಂದವರು ಇದ್ದೇ ಇರ್ತಾರ, ಅದಕ್ಕ ಹೇಳಿದೆ.

ನಾ ಹುಚ್ಚಾಕಿ ಅಲ್ಲ. ರಾತ್ರಿನ ನಮ್ಮ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದೆ, ಇಲ್ಲೆ ಆಗ ಮುಂಜಾನೆ. ಬಿಪಿ ಗುಳಗಿ ತಪ್ಪಸಬ್ಯಾಡ್ರಿ, ಎತ್ತರದಾಗ ನೀರು ಭಾಳ ಕುಡೀರಿ, ಎದಿ ಹಿಡದಂಗಾದ್ರ, ತಲಿ ಸುತ್ತಿದ್ರ ಕೆಳಗ ಇಳದು ಬರ್ರಿ, ಹೊಸಬರ ಇಳಜಾರು ಬಿಟ್ಟು ಮ್ಯಾಲೆ ಹೋಗಬ್ಯಾಡ್ರಿ, ಅಂದ್ರು. ಆತು ಅಂದೆ.

ಮರುದಿನಾ ಹೋದೆ. ಏಣು ನೋಡಿದೆ. ರಸ್ತೆ ಮ್ಯಾಲೆ ಒಂದು ಹಲಗಿ ನಿಲ್ಲಿಸ್ಯಾರ, ನೀರು ಈ ಕಡೆ, ಆ ಕಡೆ ಅಂತ. ಅದರ ಮುಂದ ಎರಡು ನಿಮಿಷ ನಿಂತೆ. ಯಾಕೋ ಅತ್ತಿಯವರು ನೆನಪಾದ್ರು.

ಸ್ಕೀ ಬೂಟು ಹಾಕ್ಕೊಳ್ಳೋದು ಅಂದ್ರ ಎರಡೂ ಕಾಲು ಒಳಕಲ್ಲಿನ್ಯಾಗ ಇಟ್ಟಂಗ. ಕಲಸಾಕಿ ಒಬ್ಬ ಹೆಂಗಸು, ನನಕಿಂತ ದೊಡ್ಡಾಕಿ, ಎಪ್ಪತ್ತರ ಹತ್ತಿರ ಇರಬೇಕು. ಮಾರಿ ತುಂಬ ಸುಕ್ಕು, ನಡಿಗಿ ಮಾತ್ರ ಹದಿನಾರರದು. ಮೊದಲ ಅಕಿ ಕಲಿಸಿದ್ದು ಬೀಳೋದು. ಬೀಳ್ತೀನಿ ಅನಸಿದ್ರ ಗುಡ್ಡದ ಕಡೆ, ಪಕ್ಕಕ್ಕ ಕೂತಂಗ ಬೀಳಬೇಕು. ಏಳಬೇಕಾದ್ರ ಎರಡೂ ಸ್ಕೀ ಇಳಜಾರಿಗೆ ಅಡ್ಡ ಇಟ್ಟುಕೋಬೇಕು, ಇಲ್ಲಾಂದ್ರ ಎದ್ದಂಗ ಜಾರ್ತದ. ಜೋರ ಬಿದ್ರ ಬೂಟು ಸ್ಕೀಯಿಂದ ತಾನ ಕಳಚಿಕೊಳ್ತದ, ಕಾಲು ತಿರುವಬಾರದು ಅಂತ. ಆಮ್ಯಾಲೆ ನಿಂದ್ರಿಸೋದು: ಮುಂದಿನ ತುದಿ ಕೂಡಿಸಿ ಹಿಂದಿಂದು ಅಗಲಿಸಿದ್ರ ವೇಗ ಕಡಿಮಿ ಆಗ್ತದ. ಅದಕ್ಕ "ಪಿಜ್ಜಾ" ಅಂತಾರ, ಆ ಆಕಾರಕ್ಕ. ಎರಡೂ ಸ್ಕೀ ಸರಳ ಇಟ್ರ "ಫ್ರೆಂಚ್ ಫ್ರೈ", ಆಗ ಓಡ್ತದ. ಅಡಗಿಮನಿ ಬಿಟ್ಟು ಬಂದ್ರೂ ತಿನಿಸಿನ ಹೆಸರು ಬೆನ್ನ ಬಿಡಲಿಲ್ಲ ನೋಡ್ರಿ.

ಹನ್ನೊಂದು ಸಲ ಬಿದ್ದೆ, ಮೊಮ್ಮಗಳು ಎಣಿಸ್ಯಾಳ. ಹೆದರಿಕಿ ಆದಾಗ ಮೈ ಹಿಂದಕ್ಕ ವಾಲ್ತದ. ಹಿಂದಕ್ಕ ವಾಲಿದ್ರ ಸ್ಕೀ ಮಾತ ಕೇಳಂಗಿಲ್ಲ, ಎತ್ತ ಬೇಕಾದತ್ತ ಓಡ್ತಾವ. ಇಳಜಾರಿನ ಕಡೇನ ಮೈ ಬಾಗಸಬೇಕು, ಅದ ಭಾಳ ತ್ರಾಸ. ಮಧ್ಯಾಹ್ನದ ಹೊತ್ತಿಗೆ ಒಂದು ಸಲ, ಒಂದೇ ಸಲ, ಬೀಳದ ಪೂರಾ ಕೆಳಗಿನ ತನಕಾ ಬಂದು ನಾನ ನಿಂತೆ. ನಮ್ಮ ಓಣಿ ಈ ತುದಿಯಿಂದ ಆ ತುದಿಯಷ್ಟ ದೂರ. ಲಿಫ್ಟಿಗೆ ಸಾಲಿಲ್ಲ, ನೂಕಾಟಿಲ್ಲ, ನಾ ಬಿದ್ದದ್ದು ನೋಡಿ ನಗೋವರೂ ಇಲ್ಲ. ಗದ್ದಲ ಇಲ್ಲದ ಜಾಗಾದ ಸುಖ ಏನಂತ ಆವಾಗ ತಿಳೀತು. ಮಗಾ ಹೇಳಿದ್ದು ಸುಳ್ಳಲ್ಲ. ಆ ಸುಖ ನನಗ ಮೂರು ದಿನಾ ತಡಾ ಆಗಿ ಸಿಕ್ತು, ಅಷ್ಟ.

ಅವತ್ತ ರಾತ್ರಿ ಅಡಗಿ ಮನಿಯವರದು. ನಾ ಒಂದು ಮಾತೂ ಹೇಳಿಕೊಡಲಿಲ್ಲ, ಹಲ್ಲು ಕಚ್ಚಿ ಕೂತೆ. ಕುಕ್ಕರ್ ಸೀಟಿಗೆ ಅಂಜಿ ತೆರದ ಭಾಂಡ್ಯಾಗ ಖಿಚಡಿ ಇಟ್ರು. ಅಕ್ಕಿ ಕಟುಂ ಕಟುಂ ಅಂತಿತ್ತು, ಬ್ಯಾಳಿ ನೆನೆಸಿಟ್ಟ ಕಾಳಿನಂಗ. ಮೊಸರು, ಚಟ್ನಿಪುಡಿ ಕಲಸಿ ಒಂಬತ್ತೂ ಮಂದಿ ತಿಂದ್ವಿ. ಯಾರೂ ಸಾಯಲಿಲ್ಲ. ಮರುದಿನಾ ಅವರ "ಎಷ್ಟು ಸೀಟಿ?" ಅಂತ ಕೇಳಿದ್ರು, ಹೇಳಿದೆ, ಛಲೋ ಆತು. ಮಗಾ ಭಾಂಡಿ ತೊಳದಾ. ಗೆಳೆಯಾ ಚಪಾತಿ ಲಟ್ಟಿಸಿದಾ, ಒಂದೂ ದುಂಡಗಿರಲಿಲ್ಲ, ಹುಡುಗ್ರು ಅದರಾಗ ದೇಶದ ನಕಾಶಿ ಹುಡುಕಿದ್ರು.

ಮಲಗೋ ಮುಂದ ಮನಿಯವರು ಫೋನ್ ತಗದು ಆ ಫೋಟೋ ನೋಡ್ಕೋತ ಕೂತಿದ್ರು. ಭಾಳ ಹೊತ್ತು ಬಿಟ್ಟು ಅಂದ್ರು, "ನೀ ಇದರಾಗ ಇಲ್ಲ ಅಂತ ನನಗ ಗೊತ್ತೇ ಆಗಿಲ್ಲ ನೋಡು." ಮೂವತ್ತಾರು ವರ್ಷದ ಸಂಸಾರ. ಜಗಳಾಡಿದ್ರ ಇಷ್ಟು ಬ್ಯಾನಿ ಆಗ್ತಿರಲಿಲ್ಲ. ಆದ್ರ ಹೇಳಿದ್ರಲ್ಲಾ, ಅದು ದೊಡ್ಡದು ಅಂತ ಸುಮ್ಮನಾದೆ.

ಇದನ್ನ ಹೇಳಿದಾಗ ನಮ್ಮ ಮಾವಶಿ ಅಂದ್ರು, "ಹಂಗಿದ್ರ ಹೊಟೇಲ್ ಇದ್ದ ಜಾಗಾಕ್ಕ ಹೋಗಬೇಕಿತ್ತವಾ." ಇಲ್ಲ ಮಾವಶಿ, ಇದಕ್ಕೂ ನನ್ನ ಜಗಳದ. ವುಲ್ಫ್ ಕ್ರೀಕಿನ ಬುಡಕ್ಕ ಸಾವಿರಾರು ಮಂದಿ ಇಳಕೊಳ್ಳೋ ಅಂಥಾ ಊರು ಕಟ್ಟಬೇಕು ಅಂತ 1980ರ ದಶಕದಿಂದ ಒಂದು ಯೋಜನಾ ಅದ. ಅಲ್ಲೆ ಲಿಂಕ್ಸ್ ಅಂತ ಅಪರೂಪದ ಕಾಡಬೆಕ್ಕು ಓಡಾಡೋ ಹಾದಿ, ಜವಳು ನೆಲ, ನೀರಿನ ಮೂಲ ಎಲ್ಲಾ ಅವ. ಅದಕ್ಕ ಪರಿಸರದವರು ವರ್ಷಾನುಗಟ್ಲೆ ಕೋರ್ಟಿನ್ಯಾಗ ಬಡದಾಡ್ಯಾರ. ನಾ ಅವರ ಕಡೆ. ನನಗ ಕುಕ್ಕರ್ ಮುಂದ ನಿಂದ್ರಲಿಕ್ಕ ಬ್ಯಾಸರಾತು ಅಂತ ಒಂದು ಗುಡ್ಡಕ್ಕ ಹೊಟೇಲ್ ಬಡೀಬೇಕೇನು? ಮನಿಯಾಗ ಆರು ಮಂದಿ ದೊಡ್ಡವರಿದ್ವಿ, ಹನ್ನೆರಡು ಕೈ. ಗುಡ್ಡ ಹಂಗ ಇರಲಿ. ಸೌಟು ಕೈಯಿಂದ ಕೈಗೆ ಹೋದ್ರ ಸಾಕು.

ಮತ್ತ ಎಲ್ಲಾರೂ ಸ್ಕೀ ಮಾಡ್ರಿ ಅಂತ ನಾ ಹೇಳ್ಲಿಕತ್ತಿಲ್ಲ. ಮಣಕಾಲು ಖರೇನ ಬ್ಯಾನಿ ಇದ್ದವರು ಮಾಡಲೇಬ್ಯಾಡ್ರಿ. ಕಟ್ಟೀ ಮ್ಯಾಲೆ ಕೂತು ಹಿಮ ನೋಡ್ರಿ, ಶಾಲು ಹೊತ್ಕೊಂಡು ಪುಸ್ತಕ ಓದ್ರಿ, ನಿದ್ದಿ ಮಾಡ್ರಿ. ಅದೂ ಸೂಟಿನ. ಆದ್ರ ಅಡಗಿಮನಿಯೊಳಗ ನಿಂತು "ನನಗ ಇದ ಖುಷಿ" ಅನಬ್ಯಾಡ್ರಿ. ಖುಷಿನ ಇದ್ರ ಅದು ಧಾರವಾಡದಾಗೂ ಸಿಗ್ತದ, ರೊಕ್ಕ ಖರ್ಚು ಮಾಡಿ ಹೋಗೋ ಗರಜ ಇಲ್ಲ.

ಊಟಿಗೆ ಹೋಗ್ರಿ, ಚಿಕ್ಕಮಗಳೂರಿನ ಹೋಮ್‌ಸ್ಟೇಕ್ಕ ಹೋಗ್ರಿ, ದಾಂಡೇಲಿಗೆ ಹೋಗ್ರಿ, ಹೊಂಡೋ ಮೊದಲ ಒಂದು ಹಾಳಿ ತಗೊಂಡು ತಾಟಿನ ಲೆಕ್ಕ ಹಾಕ್ರಿ. ಎಷ್ಟು ಮಂದಿ, ಎಷ್ಟು ಹೊತ್ತು, ಎಷ್ಟು ದಿನಾ. ಆ ಅಂಕಿ ಎಲ್ಲಾರಿಗೂ ಕೇಳೋಹಂಗ ಓದ್ರಿ. ಆಮ್ಯಾಲೆ ಯಾವ ಹೊತ್ತು ಯಾರದು ಅಂತ ಹೆಸರು ಬರೀರಿ, ಗಂಡಸರದೂ, ಹತ್ತು ದಾಟಿದ ಹುಡುಗ್ರದೂ. ಅವರು ಮಾಡಿದ್ದು ಹಸೀ ಇರಲಿ, ಹೊತ್ತಲಿ, ಒಂದು ಮಾತೂ ಆಡದ ತಿನ್ರಿ. ಹೊತ್ತಿದ್ದಕ್ಕ ನಕ್ಕು ಸೌಟು ಕಸ್ಕೊಂಡ್ರ ಮುಗೀತು, ಇನ್ನ ಮೂವತ್ತು ವರ್ಷ ನಿಮ್ಮ ಕೈಯಾಗ ಇರ್ತದ. ನಾ ಹಂಗ ಕಸ್ಕೊಂಡಾಕಿನ, ಮದುವಿ ಆದ ಮೊದಲನೇ ವರ್ಷನ.

ಸೊಸೆಂದ್ರು ಇದನ್ನ ಓದ್ತಿದ್ರ ನಿಮಗೂ ಒಂದು ಮಾತು. ಅತ್ತಿ "ನೀವು ಹೋಗಿ ಬರ್ರಿ" ಅಂದ್ರ ಎರಡು ಸಲ ಕೇಳಿ ಬಿಡಬ್ಯಾಡ್ರಿ. ಒಲಿ ಆರಿಸಿ, ಕೈ ಹಿಡದು ಎಬ್ಬಿಸಿಕೊಂಡು ಹೋಗ್ರಿ. ಬೈಸ್ಕೋರಿ, ಪರವಾಗಿಲ್ಲ.

ಮೇ ಸೂಟಿ ಬಂತು. ಗ್ರೂಪಿನ್ಯಾಗ ಫೋಟೋ ಬರ್ತಾವ, ಗುಡ್ಡದ್ದು, ಸಮುದ್ರದ್ದು, ಗುಡೀದು. ಹಾರ್ಟ್ ಒತ್ತೋ ಮೊದಲ ತಲಿ ಎಣಸ್ರಿ. ಒಂದು ಕಡಿಮಿ ಬಂದ್ರ ಕೇಳ್ರಿ, "ಅಕಿ ಎಲ್ಲಿದ್ದಾಳ?" ಅಂತ. ನಾ ಅಂತೂ ಕೇಳ್ತೀನಿ. ಯಾರು ಏನು ಅಂದ್ಕೊಂಡ್ರೂ ಸರಿ, ಎಲ್ಲಾರ ಮುಂದ, ಗ್ರೂಪಿನ್ಯಾಗನ ಕೇಳ್ತೀನಿ.